ಗೋಡೆಯ ಹಿಂದಿನ ಗಾಳಿ

ಕೊಲ್ಲಾಪುರಮ್ಮನ ಗಂಡನ ತಲೆ ಒಡೆದದ್ದು ಗಾಳಿಗಾಗಿ. ಹೊಲದ ಬದುವಿಗಲ್ಲ, ಕೆರೆಯ ನೀರಿಗಲ್ಲ, ಹಳೆಯ ದ್ವೇಷಕ್ಕೂ ಅಲ್ಲ. ಮಧುಗಿರಿಯಿಂದ ಬಂದ ದಫೇದಾರ ಅವಳ ಹೇಳಿಕೆ ಬರೆದುಕೊಳ್ಳುವಾಗ ಈ ಮಾತಿಗೆ ಬಂದು ಲೇಖನಿ ನಿಲ್ಲಿಸಿದನಂತೆ.

"ಏನಕ್ಕೆ ಹೊಡೆದಾಟ ಆಯ್ತು ಅಂದೆ?"

"ಗಾಳಿಗೆ ಸ್ವಾಮಿ."

"ಗಾಳಿಗೆ ಯಾರಾದ್ರೂ ಹೊಡೆದಾಡ್ತಾರೇನಮ್ಮ?"

"ನಮ್ಮೂರಾಗೆ ಹೊಡೆದಾಡಿದ್ರು. ಬರ್ಕಳಿ."

ದಫೇದಾರ ಬರೆಯಲಿಲ್ಲ. "ಜಮೀನಿನ ತಕರಾರು" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಎರಡು ಪದಗಳನ್ನು ಅಳಿಸಿ ತಾನು ಹೇಳಿದ್ದನ್ನು ಬರೆಸಲು ಅವಳಿಗೆ ಎರಡು ವರ್ಷ ಹಿಡಿಯಿತು.

ಊರಿನ ಹೆಸರು ಕಾರೆಗುಡ್ಡ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಗಾಡಿರಸ್ತೆ ಬಿಟ್ಟು ಮೂರು ಮೈಲಿ ಒಳಗೆ. ಊರಿನ ಮೂಡಲಿಗೆ ಎರಡು ಬೋಳುಗುಡ್ಡ, ನಡುವೆ ಒಂದು ಸಂದಿ. ಬಯಲಿನಲ್ಲಿ ಹರಡಿಕೊಂಡು ಸಾವಕಾಶವಾಗಿ ಬರುವ ಮಾಗಿಯ ಗಾಳಿ ಆ ಸಂದಿಗೆ ಬಂದಾಗ ಇಕ್ಕಟ್ಟಾಗಿ, ಅಗಸೆಬಾಗಿಲಲ್ಲಿ ನುಗ್ಗುವ ದನಗಳ ಹಾಗೆ ರಭಸವಾಗಿ ಹೊರಬೀಳುತ್ತದೆ. ಅದು ಹೊರಬೀಳುವ ಜಾಗದಲ್ಲೇ ಹಿಂದಿನವರು ಊರೊಟ್ಟಿನ ಕಣ ಮಾಡಿದ್ದರು. ಹದಿನಾಲ್ಕು ಮನೆಗಳ ರಾಗಿ ಅಲ್ಲೇ ತೆನೆಹುಲ್ಲಿನ ಮೆದೆಯಾಗಿ ನಿಲ್ಲುತ್ತಿತ್ತು, ಅಲ್ಲೇ ಎತ್ತು ಎಳೆಯುವ ಕಲ್ಲುಗುಂಡಿನ ಕೆಳಗೆ ಸಿಕ್ಕಿ ಕಾಳಾಗುತ್ತಿತ್ತು.

ಕೊಲ್ಲಾಪುರಮ್ಮನ ತವರು ಹೊಳವನಹಳ್ಳಿಯ ಹತ್ತಿರ. ಅಪ್ಪ ಸಿದ್ದಗಂಗಯ್ಯ ರಾಗಿ ತೂರುವುದರಲ್ಲಿ ಆ ಸೀಮೆಗೇ ಹೆಸರಾದವನು. ಗುಂಡು ಹೊಡೆದ ಮೇಲೆ ಕಾಳು, ಹೊಟ್ಟು ಎರಡೂ ಬೆರೆತು ಬಿದ್ದಿರುತ್ತವೆ. ಮೂರು ಕಾಲಿನ ಅಟ್ಟಣೆ ಹತ್ತಿ ನಿಂತು ಮೊರದಿಂದ ಅದನ್ನು ಸುರಿಯಬೇಕು. ಗಾಳಿ ಹೊಟ್ಟನ್ನು ಆಚೆಗೆ ಒಯ್ಯಬೇಕು, ಕಾಳು ಕಾಲಬುಡಕ್ಕೆ ಬೀಳಬೇಕು. ರಾಗಿ ಸಾಸಿವೆಯಷ್ಟು ಸಣ್ಣ ಕಾಳು. ಗಾಳಿ ಕಡಿಮೆಯಾದರೆ ಹೊಟ್ಟು ಹೋಗದು, ಹೆಚ್ಚಾದರೆ ಕಾಳೂ ಹಾರಿಹೋಗುತ್ತದೆ. ಸಿದ್ದಗಂಗಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಹೆಂಗಸು ಅಟ್ಟಣೆ ಹತ್ತಬಾರದೆಂಬ ಕಟ್ಟಳೆ ಇದ್ದರೂ ಅವನು ಮಗಳಿಗೆ ವಿದ್ಯೆ ಹೇಳಿಕೊಟ್ಟ.

"ನೆಲ ಗಾಳೀ ಕಾಲು ಹಿಡ್ಕಂತೈತೆ ಕಣಮ್ಮ," ಎನ್ನುತ್ತಿದ್ದ. "ಮೊಣಕಾಲ ಮಟ್ಟದಾಗೆ ತೆವಳ್ತೈತೆ. ತಲೆ ಮಟ್ಟದಾಗೆ ನಡೀತೈತೆ. ಹುಣಸೇಮರದ ತುದೀಲಿ ಓಡ್ತೈತೆ. ಅದಕ್ಕೇ ನಾವು ಅಟ್ಟಣೆ ಹತ್ತೋದು."

ಹೊತ್ತು ಮೂಡಿದ ಕೂಡಲೇ ತೂರಲು ನಿಂತವರನ್ನು ಕಂಡು ನಗುತ್ತಿದ್ದ. ಇರುಳೆಲ್ಲ ತಣ್ಣಗಾದ ನೆಲದ ಮೇಲೆ ಗಾಳಿ ಇಳಿಯುವುದಿಲ್ಲ, ಮೇಲಿಂದ ಮೇಲೆಯೇ ಹೋಗುತ್ತದೆ. ಬಿಸಿಲೇರಿ ನೆಲ ಕಾದು, ಕೆಳಗಿನ ಸೆಕೆ ಮೇಲೆದ್ದು ಮೇಲಿನ ಗಾಳಿಯನ್ನು ಎಳೆದು ತಂದಾಗಲೇ ಕಣಕ್ಕೆ ಗಾಳಿ. ಇನ್ನೊಂದನ್ನೂ ತೋರಿಸಿದ್ದ. ಮೋಡ ನೇರ ಪಡುವಲಿಗೆ ಹೋಗುತ್ತಿದ್ದರೂ ಕಣದ ಹೊಟ್ಟು ಒಂದಿಷ್ಟು ತೆಂಕಕ್ಕೆ ವಾಲಿ ಬೀಳುತ್ತದೆ. ಮೇಲಿನ ಗಾಳಿಯ ದಾರಿ ಒಂದು, ನೆಲಕ್ಕೆ ಉಜ್ಜಿಕೊಂಡು ಬರುವ ಗಾಳಿಯ ದಾರಿ ಇನ್ನೊಂದು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಹಾಗೆ ಆಗುತ್ತದೆಂದು ಗೊತ್ತಿತ್ತು.

ಹದಿನಾರಕ್ಕೆ ಅವಳನ್ನು ಕಾರೆಗುಡ್ಡದ ಬೈರಪ್ಪನಿಗೆ ಕೊಟ್ಟರು. ಬೈರಪ್ಪ ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ, ಸಿಟ್ಟು ಬೇಗ. ಅಟ್ಟಣೆಯ ಮೇಲೆ ಅವನು ನಿಂತರೂ "ಈಗ ಸುರೀರಿ, ಈಗ ನಿಲ್ಸಿ" ಎಂದು ಕೆಳಗಿನಿಂದ ಹೇಳುವವಳು ಅವಳೇ. ಎಂಟು ವರ್ಷ ಹೀಗೆ ನಡೆಯಿತು.

ಸಾವಿರದ ಒಂಬೈನೂರ ಇಪ್ಪತ್ತಮೂರರ ಬೇಸಿಗೆಯಲ್ಲಿ ಮಹಾಲಿಂಗಯ್ಯ ಗೋಡೆ ಎಬ್ಬಿಸಿದ. ಊರಿಗೆಲ್ಲ ದೊಡ್ಡ ಕುಳ ಅವನು. ಕಣಕ್ಕೂ ಗುಡ್ಡದ ಸಂದಿಗೂ ನಡುವಿನ ಹೊಲವನ್ನು ಕೊಂಡಿದ್ದ. ದನ ನುಗ್ಗುತ್ತವೆ ಎಂದು ನೆಪ ಹೇಳಿ ಕಣದ ಅಂಚಿಗೇ ಎಂಟಡಿ ಎತ್ತರ, ನೂರು ಹೆಜ್ಜೆ ಉದ್ದ, ಕಲ್ಲು ಮಣ್ಣಿನ ಗೋಡೆ ಕಟ್ಟಿಸಿದ. ಆಚೆ ಬದಿಗೆ, ಸಂದಿಯ ಬಾಯಲ್ಲಿ, ಅವನದೇ ನುಣ್ಣನೆಯ ಬಂಡೆ ಇತ್ತು. ಗೋಡೆ ಮುಗಿದ ಮೇಲೆ ಆ ಬಂಡೆಯನ್ನು ಸಾರಿಸಿ ಕಣ ಮಾಡಿದ. ಆಗಲೂ ಯಾರಿಗೂ ಅವನ ಲೆಕ್ಕಾಚಾರ ಹೊಳೆಯಲಿಲ್ಲ.

ಹೊಳೆದದ್ದು ಮಾಗಿಯಲ್ಲಿ. ಬೈರಪ್ಪ ಅಟ್ಟಣೆ ಹತ್ತಿ ಮೊದಲ ಮೊರ ಸುರಿದ. ಹೊಟ್ಟು ಪಡುವಲಿಗೆ ಹೋಗಲಿಲ್ಲ. ಒಂದು ಗಳಿಗೆ ಗಾಳಿಯಲ್ಲಿ ತತ್ತರಿಸಿ, ಸುತ್ತಿ, ವಾಪಸು ಅವನ ಮುಖಕ್ಕೇ ಬಂದು ಬಡಿಯಿತು. ಇನ್ನೊಂದು ಮೊರ. ಅದೂ ಹಾಗೇ. ಕಣ್ಣು ಮೂಗು ತುಂಬಿ ಕೆಮ್ಮುತ್ತ ಕೆಳಗಿಳಿದ. ಅತ್ತ ಹುಣಸೇಮರದ ತುದಿ ಬಿಡದೆ ತೊನೆಯುತ್ತಿತ್ತು, ಇತ್ತ ಕಣದಲ್ಲಿ ಗಾಳಿಗೆ ದಿಕ್ಕೇ ಇರಲಿಲ್ಲ.

ಕೊಲ್ಲಾಪುರಮ್ಮ ಒಂದು ಹಿಡಿ ಹೊಟ್ಟು ತೆಗೆದುಕೊಂಡು ಗೋಡೆಯ ಬಳಿಗೆ ಹೋಗಿ ಬಿಟ್ಟು ನೋಡಿದಳು. ಹೊಟ್ಟು ಗೋಡೆಯ ಕಡೆಗೇ ಓಡಿತು. ಅಲ್ಲಿ ಮೇಲಕ್ಕೇರಿ, ಗೋಡೆಯ ತಲೆಗೆ ಬಂದು, ಮತ್ತೆ ಪಡುವಲಿಗೆ ಹಾರಿತು.

"ಗೋಡೆ ದಾಟಿದ ಗಾಳಿ ಹಿಂದಕ್ಕೆ ಮಗುಚ್ಕಂತೈತೆ," ಎಂದಳು. "ಕೆರೆ ಕೋಡಿ ಕೆಳಗೆ ನೀರು ಸುಳಿ ತಿರುಗೋದಿಲ್ವಾ, ಅಂಗೆ."

ಹತ್ತು ದಿನ ಕಾದರು. ಹನ್ನೊಂದನೆಯ ದಿನ ಅಕಾಲದ ಜಡಿಮಳೆ ಹಿಡಿದು, ತೂರದೆ ಬಿದ್ದಿದ್ದ ರಾಶಿ ನೆನೆದು, ರಾಗಿ ಮೊಳಕೆಯೊಡೆಯಿತು. ಮಹಾಲಿಂಗಯ್ಯ ಆಳಿನ ಕೈಲಿ ಹೇಳಿಕಳಿಸಿದ: ಬಂಡೆಯ ಕಣಕ್ಕೆ ತರುವವರು ತರಬಹುದು, ರಾಶಿಗೆ ಆರರಲ್ಲೊಂದು ಪಾಲು ಕೊಟ್ಟರಾಯಿತು.

ಬೈರಪ್ಪ ಹಾರೆ ತೆಗೆದುಕೊಂಡ.

"ಬ್ಯಾಡ, ಓಗ್ಬ್ಯಾಡಿ," ಎಂದು ಕೊಲ್ಲಾಪುರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮುನ್ಸೀಫ್ ಕೋರ್ಟಿಗೆ ಓಗಾನ."

"ಕೋರ್ಟಿನಾಗೆ ಗಾಳಿ ಮಾರ್ತಾರಾ?" ಎಂದು ಅವಳನ್ನು ಪಕ್ಕಕ್ಕೆ ಸರಿಸಿ ನಡೆದ. ಹಿಂದೆ ನಾಲ್ಕು ಜನ ಹೋದರು. ಅವಳೂ ಓಡಿದಳು.

ಗೋಡೆಯಿಂದ ಮೂರು ಕಲ್ಲು ಕೀಳುವಷ್ಟರಲ್ಲಿ ಆ ಕಡೆಯಿಂದ ಜನ ಬಂದರು. ಮುಂದೆ ಮಹಾಲಿಂಗಯ್ಯನ ತಮ್ಮ ಅಡವಯ್ಯ, ಕೈಯಲ್ಲಿ ಕಬ್ಬಿಣದ ಕಟ್ಟು ಹಾಕಿದ ದೊಣ್ಣೆ. ಮಾತು ನಡೆದದ್ದೇ ಇಲ್ಲ. ಮೊದಲ ಏಟಿಗೆ ಬೈರಪ್ಪನ ಕೈಯ ಹಾರೆ ಬಿತ್ತು. ಎರಡನೆಯದು ಕಿವಿಯ ಮೇಲ್ಭಾಗಕ್ಕೆ ಬಿತ್ತು. ಹಸಿ ಮಡಕೆ ಒಡೆದಂಥ ಸದ್ದು. ಬೈರಪ್ಪ ಮೊಣಕಾಲೂರಿ ಕುಳಿತ. ಅಡವಯ್ಯ ಮೂರನೆಯದಕ್ಕೆ ದೊಣ್ಣೆ ಎತ್ತಿದ್ದ. ಆಗ ಕೊಲ್ಲಾಪುರಮ್ಮ, ಹುಲ್ಲು ಎತ್ತಲು ಕಣದಲ್ಲಿಟ್ಟಿದ್ದ ಕವೆಗೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಇರಿದಳು. ಒಂದು ಕವಲು ಕೆನ್ನೆ ಸೀಳಿತು. ಇನ್ನೊಂದು ಎಡಗಣ್ಣಿಗೆ ಇಳಿಯಿತು.

ಆಮೇಲೆ ಯಾರು ಯಾರಿಗೆ ಹೊಡೆದರೆಂದು ಹೇಳುವ ಹಾಗಿರಲಿಲ್ಲ. ಕಲ್ಲು, ಮೊರ, ನೊಗದ ಗೂಟ, ಸಿಕ್ಕಿದ್ದೆಲ್ಲ ಆಯುಧವಾಯಿತು. ಒಬ್ಬನ ಮುಂಗೈ ಮುರಿಯಿತು, ಇನ್ನೊಬ್ಬನ ಹಲ್ಲು ಉದುರಿದವು. ಚಪ್ಪಲಿ ಮೆಟ್ಟಿ ಕಾಲಿಡಬಾರದ ಕಣದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ಹೊಟ್ಟು ಅಂಟಿಕೊಂಡಿತು. ಬೈರಪ್ಪನನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ಮಧುಗಿರಿಗೆ ಹೊರಟರು. ಅವನ ತಾಯಿ ನರಸಮ್ಮ ತಲೆಯ ಕಡೆ, ಹೆಂಡತಿ ಕಾಲಿನ ಕಡೆ. ಮಧುಗಿರಿಯ ಏಕಶಿಲೆಯ ಬೆಟ್ಟ ಕಾಣುವ ತಿರುವಿನಲ್ಲಿ ಅವನ ಕಾಲು ತಣ್ಣಗಾದದ್ದು ಕೊಲ್ಲಾಪುರಮ್ಮನಿಗೆ ತಿಳಿಯಿತು. ಅತ್ತೆಗೆ ಹೇಳಲಿಲ್ಲ. ಆಸ್ಪತ್ರೆಯ ಮೆಟ್ಟಿಲವರೆಗೂ ಆ ಪಾದಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೇ ಹೋದಳು.

ಅಡವಯ್ಯನಿಗೆ ಒಂದೂವರೆ ವರ್ಷ ಸಜೆಯಾಯಿತು. ಇನ್ನೊಬ್ಬರ ಗೋಡೆ ಒಡೆಯಲು ಬಂದವರ ಮೇಲೆ ಕೈ ಮಾಡಿದ್ದೆಂದು ಶಿಕ್ಷೆ ಇಳಿಯಿತು. ಕಣ್ಣು ಕಿತ್ತದ್ದಕ್ಕೆ ಕೊಲ್ಲಾಪುರಮ್ಮನಿಗೂ ಮೂರು ತಿಂಗಳು ತುಮಕೂರಿನ ಜೈಲು. ಅಲ್ಲಿ ರಾಗಿ ಬೀಸಿದಳು. ಬಿಟ್ಟ ದಿನ ನೇರ ಮಧುಗಿರಿಗೆ ನಡೆದು, ಒಬ್ಬ ವಕೀಲರ ಜಗಲಿಯ ಮೇಲೆ ಕುಳಿತಳು. ಗೋಡೆ ನಿಂತೇ ಇತ್ತು. ಆ ವರ್ಷ ಊರಿನವರು ತಲೆ ತಗ್ಗಿಸಿ ಬಂಡೆಯ ಕಣಕ್ಕೆ ರಾಗಿ ಹೊತ್ತಿದ್ದರು.

ದಾವೆ ಎಳೆಯಿತು. ಮುನ್ಸೀಫರು ಸ್ಥಳ ನೋಡಲು ಬರುತ್ತೇನೆಂದು ಮಳೆಗಾಲದಲ್ಲಿ ಒಂದು ದಿನ ಗೊತ್ತು ಮಾಡಿದರೆ ಇವಳೇ ಬೇಡವೆಂದಳು. ಆಗ ಪಡುವಲ ಗಾಳಿ, ಗೋಡೆಯ ತಪ್ಪು ಕಾಣುವುದಿಲ್ಲ. ಮಾಗಿಗೆ ಬನ್ನಿ ಎಂದು ಬೇಡಿಕೊಂಡಳು. ಇಪ್ಪತ್ತಾರನೆಯ ಇಸವಿಯ ಜನವರಿಯಲ್ಲಿ ಅವರು ಕುದುರೆ ಗಾಡಿಯಲ್ಲಿ ಬಂದಿಳಿದರು. ಮಹಾಲಿಂಗಯ್ಯನ ಪರ ವಕೀಲರು ಮೊದಲೇ ಬಂದು ನಿಂತಿದ್ದರು.

"ಗಾಳಿ ಆಕಾಶದವರೆಗೂ ಇದೆ. ಗೋಡೆ ಇರೋದು ಎಂಟಡಿ," ಎಂದು ವಕೀಲರು ನಕ್ಕರು. "ಎಂಟಡಿ ದಾಟಿ ಬರೋದು ಗಾಳಿಗೆ ಕಷ್ಟವೇ?"

"ದಾಟ್ತೈತೆ ಸ್ವಾಮಿ," ಎಂದಳು ಕೊಲ್ಲಾಪುರಮ್ಮ. "ದಾಟಿ ಎಲ್ಲಿ ಕಾಲೂರ್ತೈತೆ ಅಂತ ತೋರಿಸ್ತೀನಿ, ನೋಡ್ಕಳಿ."

ಹೊತ್ತು ಒಂದು ಮಾರು ಏರುವವರೆಗೆ ಅವರನ್ನು ಕಾಯಿಸಿದಳು. ನಾಲ್ಕು ಬಿದಿರ ಗಳ ನೆಡಿಸಿದ್ದಳು. ಒಂದೊಂದಕ್ಕೂ ಮೊಣಕಾಲು, ಎದೆ, ತಲೆ, ಅದಕ್ಕೂ ಮೇಲೆ ಹಳೆಯ ಸೀರೆಯ ಪಟ್ಟಿಗಳು. ಗೋಡೆಯ ಮೂಡಲಲ್ಲಿ ನೆಟ್ಟ ಗಳದ ತುದಿಯ ಪಟ್ಟಿ ನೆಟ್ಟಗೆ ಚಾಚಿ ಪಟಪಟಿಸುತ್ತಿತ್ತು, ಕೆಳಗಿನದು ಸೋತು ಆಡುತ್ತಿತ್ತು. ಗೋಡೆಯ ಪಡುವಲಲ್ಲಿ ನೆಟ್ಟದ್ದರಲ್ಲಿ ತುದಿಯದು ಪಡುವಲಿಗೆ, ಎದೆಮಟ್ಟದ್ದು ಮೂಡಲಿಗೆ! ಮುನ್ಸೀಫರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಅವಳು ಮೊರ ಹಿಡಿದು ಗೋಡೆಯಿಂದ ನಡೆಯತೊಡಗಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಹೊಟ್ಟು ಸುರಿದಳು. ಹತ್ತರಲ್ಲಿ ಅದು ಗೋಡೆಗೆ ವಾಪಸಾಯಿತು. ಇಪ್ಪತ್ತರಲ್ಲಿ ಕಾಲಬುಡದಲ್ಲೇ ಸುತ್ತಿ ಬಿತ್ತು. ನಲವತ್ತರಲ್ಲಿ ಅತ್ತ ಇತ್ತ ಓಲಾಡಿತು. ಎಂಬತ್ತರಲ್ಲಿ ಸರಾಗವಾಗಿ ಪಡುವಲಿಗೆ ಹರಿದುಹೋಯಿತು. ಮುನ್ಸೀಫರು ತಾವೇ ಹೆಜ್ಜೆ ಎಣಿಸುತ್ತ ಅವಳ ಹಿಂದೆ ಬಂದಿದ್ದರು. ಎಂಬತ್ತನೆಯ ಹೆಜ್ಜೆಯಲ್ಲಿ ಕಣ ಮುಗಿದು ಕುಂಬಾರರ ಕೇರಿ ಶುರುವಾಗುತ್ತಿತ್ತು.

"ನೆಲ ಗಾಳಿ ಕಾಲು ಹಿಡ್ಕಂತೈತೆ, ಗೋಡೆ ಕಾಲೇ ಮುರೀತೈತೆ," ಎಂದಳು. "ನನ್ನ ಗಂಡ ಸತ್ತಿದ್ದು ಇದಕ್ಕೇ. ಇದನ್ನ ಬರ್ಕಳಿ ಸ್ವಾಮಿ."

ಅವರು ಬರೆದುಕೊಂಡರು. ಒಂದು ತಿಂಗಳೊಳಗೆ ಗೋಡೆಯನ್ನು ಮೊಣಕಾಲ ಮಟ್ಟಕ್ಕೆ ಇಳಿಸಬೇಕೆಂದು ತೀರ್ಪಾಯಿತು. ಊರಿನವರು ಆ ಸಂಭ್ರಮದಲ್ಲಿ ತಮ್ಮ ಮೆದೆಗಳನ್ನು ಮತ್ತೆ ಹಳೆಯ ಕಣದಲ್ಲೇ ಒಟ್ಟಿದರು. ಕೊಲ್ಲಾಪುರಮ್ಮನ ಮೆದೆ ಎಲ್ಲಕ್ಕಿಂತ ಮುಂದೆ, ಗೋಡೆಗೆ ಹತ್ತೇ ಹೆಜ್ಜೆ. ಉಳಿದ ಹದಿಮೂರು ಅದರ ಹಿಂದೆ ಸಾಲಾಗಿ.

ಸಜೆ ಮುಗಿಸಿ ಬಂದಿದ್ದ ಅಡವಯ್ಯ ಇದನ್ನೆಲ್ಲ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ.

ತೀರ್ಪಾಗಿ ಹನ್ನೆರಡನೆಯ ದಿನ, ನಡುಮಧ್ಯಾಹ್ನ, ಸಂದಿಯ ಗಾಳಿ ಜೋರು ಹಿಡಿದಿದ್ದ ಹೊತ್ತು. ಅಡವಯ್ಯ ಗೋಡೆಯ ಬದಿಯಿಂದ ನುಸುಳಿ ಕೊಲ್ಲಾಪುರಮ್ಮನ ಮೆದೆಯ ಮರೆಗೆ ಬಂದ. ಊರಿನ ಕಡೆಗೆ ಮೆದೆ ಅಡ್ಡ, ಅಣ್ಣನ ಹೊಲದ ಕಡೆಗೆ ಗೋಡೆ ಅಡ್ಡ. ಯಾರಿಗೂ ಕಾಣುವ ಹಾಗಿರಲಿಲ್ಲ. ಗಾಳಿ ಮೂಡಲಿನದು, ಬೆಂಕಿ ತನ್ನಿಂದ ಆಚೆಗೆ, ಪಡುವಲಿಗೆ, ಒಂದು ಮೆದೆಯಿಂದ ಇನ್ನೊಂದಕ್ಕೆ ಹೋಗುತ್ತದೆಂದು ಅವನ ಎಣಿಕೆ. ಮೆದೆಯ ಎರಡೂ ಕೊನೆಗೆ ಕಡ್ಡಿ ಗೀರಿದ. ಒಣಹುಲ್ಲು ಭಗ್ಗೆಂದಿತು. ನಡುವೆ ಮೂರನೆಯ ಕಡ್ಡಿ ಇಡಲು ಬಗ್ಗಿದ.

ಜ್ವಾಲೆ ಪಡುವಲಿಗೆ ಹೋಗಲಿಲ್ಲ. ಬಗ್ಗಿದವನ ಮೇಲೆಯೇ ವಾಲಿ ಬಂತು. ಎರಡೂ ಕೊನೆಯ ಬೆಂಕಿ ಗೋಡೆಯ ಕಡೆಗೆ ನಾಲಿಗೆ ಚಾಚಿ, ನೆಲದಲ್ಲಿ ಚೆಲ್ಲಿದ್ದ ಹುಲ್ಲು ಹಿಡಿದು, ಗೋಡೆಗೆ ತಾಗಿ ಮೇಲಕ್ಕೇರಿತು. ಉರಿಯುವ ಸಿವುಡುಗಳು, ಹುಲ್ಲಿನ ಕಟ್ಟುಗಳು, ಜಾರಿ ಎರಡು ಕಡೆಯ ದಾರಿಗೂ ಬಿದ್ದವು. ಅಡವಯ್ಯ ಗೋಡೆ ಹತ್ತಲು ನೋಡಿದ; ಅಣ್ಣ ನುಣ್ಣಗೆ ಮಣ್ಣು ಮೆತ್ತಿಸಿದ್ದ ಗೋಡೆ, ಉಗುರಿಗೂ ಹಿಡಿತ ಸಿಗಲಿಲ್ಲ. ಗೋಡೆಗೆ ಮಣ್ಣು ತೆಗೆದಿದ್ದ ಗುಂಡಿಯೊಂದು ಬುಡದಲ್ಲಿತ್ತು. ಅದರಲ್ಲಿ ಬಿದ್ದು ಕಿರುಚತೊಡಗಿದ.

ಕೊಲ್ಲಾಪುರಮ್ಮ ಹೊಗೆ ನೋಡಿದ್ದು ಬಾವಿಯ ಕಟ್ಟೆಯಿಂದ. ಕೊಡ ಬಿಟ್ಟು ಓಡಿದಳು. ಕಣ ಮುಟ್ಟುವ ಮೊದಲೇ ಅವಳ ಕಣ್ಣು ಹೊಗೆಯನ್ನು ಓದಿತ್ತು. ಕೆಳಗಿನ ಹೊಗೆ ಗೋಡೆಗೆ ಹೋಗುತ್ತಿದೆ. ಮೇಲಿನದು ಗೋಡೆಯ ಎತ್ತರ ಮೀರಿದ ಕೂಡಲೇ ಪಡುವಲಿಗೆ ನೇರ ಎಗರುತ್ತಿದೆ, ಕಿಡಿಗಳನ್ನು ಹೊತ್ತುಕೊಂಡು. ಜನ ಮಡಕೆ ತಂಬಿಗೆ ಹಿಡಿದು ಪಕ್ಕದ ಮೆದೆಗಳಿಗೆ ನೀರೆರಚುತ್ತ ಕೂಗಾಡುತ್ತಿದ್ದರು.

"ಇಲ್ಲಲ್ಲ ಕಣ್ರೋ! ಕಿಡಿ ಇಲ್ಲಿ ಬೀಳಲ್ಲ!" ಎಂದು ಕೂಗಿದಳು. "ಕುಂಬಾರರ ಕೇರಿಗೆ ಓಡ್ರಿ! ಹುಲ್ಲು ಸೂರು ಕಿತ್ತಾಕ್ರಿ!"

ಅರ್ಧ ಜನ ಓಡಿದರು. ಅವರು ಹೋಗುವಷ್ಟರಲ್ಲಿ ಕೇರಿಯ ಮೊದಲ ಮನೆಯ ಸೂರು ಹೊತ್ತಿಕೊಂಡಿತ್ತು. ಒಳಗೆ ಕಟ್ಟಿದ್ದ ಎಮ್ಮೆಯ ಹಗ್ಗ ಬಿಚ್ಚಲು ಆಗಲಿಲ್ಲ. ಅದು ಒರಲಿ ಒರಲಿ ಸತ್ತಿತು. ಉಳಿದ ಮನೆಗಳ ಸೂರನ್ನು ಕೈಯಿಂದ ಜಗ್ಗಿ ಕೆಡವಿದರು.

ಆಗ ಗೋಡೆಯ ಬುಡದ ಕಿರುಚಾಟ ಎಲ್ಲರಿಗೂ ಕೇಳಿಸಿತು. ದನಿ ಯಾರದೆಂದು ಎಲ್ಲರಿಗೂ ಗೊತ್ತಾಯಿತು. "ಸಾಯ್ಲಿ ಬುಡು! ಅವ್ನೇ ಇಕ್ಕಿದ್ದು, ಅವ್ನೇ ಸುಟ್ಕಳ್ಲಿ," ಎಂದ ಒಬ್ಬ. ನರಸಮ್ಮ ಎದೆ ಬಡಿದುಕೊಂಡು ನಕ್ಕಳು. ಮಗ ಸತ್ತ ಮೇಲೆ ಆ ಮುದುಕಿ ನಕ್ಕದ್ದು ಅಂದೇ ಮೊದಲು.

ಕೊಲ್ಲಾಪುರಮ್ಮ ಕ್ಷಣ ನಿಂತಳು. ಆಮೇಲೆ ಗೋಡೆ ಬಳಸಿ ಮೂಡಲ ಬದಿಗೆ ಓಡಿದಳು. ಅಲ್ಲಿ ಮಹಾಲಿಂಗಯ್ಯ ಪಂಚೆ ಕಳಚಿದ್ದೂ ತಿಳಿಯದೆ, ಹಾರೆ ಹಿಡಿದು, ಗೋಡೆಯ ಉದ್ದಕ್ಕೆ ಹುಚ್ಚನ ಹಾಗೆ ಅತ್ತಿತ್ತ ತಿರುಗುತ್ತಿದ್ದ. ತಮ್ಮನ ದನಿ ಗೋಡೆಯ ಆಚೆ ಎಲ್ಲಿಂದ ಬರುತ್ತಿದೆಯೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

"ಎಲ್ಲಿ ಒಡೀಲಿ? ಯೋಳು ತಾಯಿ, ಎಲ್ಲಿ ಒಡೀಲಿ?"

ಅವಳು ಕಿವಿ ಗೋಡೆಗಿಟ್ಟು ಕೇಳಿ, ಬುಡದಲ್ಲಿ ಒಂದು ಕಲ್ಲು ತೋರಿಸಿದಳು. "ಇಲ್ಲಿ. ತಗ್ಗಿನಾಗೆ. ಗಾಳಿ ತೂತಿಂದ ನುಗ್ಗಿ ಉರೀನ ಅತ್ಲಾಗೆ ತಳ್ತೈತೆ. ಅವ್ನಿಗೆ ದಾರಿಯಾಗ್ತೈತೆ."

ಮಹಾಲಿಂಗಯ್ಯ ಹಾರೆ ಎತ್ತಿದ. ಅವಳು ಅದನ್ನು ಹಿಡಿದುಕೊಂಡಳು.

"ತಡೀರಿ."

"ಬೇಯ್ತಾ ಅವ್ನೆ ಕಣೇ!"

"ಈಗ ತೂತು ಮಾಡಿದ್ರೆ ಉರಿ ಎಲ್ಲ ಹದಿಮೂರು ಮೆದೆ ಮೇಲೆ ಬೀಳ್ತೈತೆ. ಊರಿನ ಅನ್ನ ಅದು. ತಡೀರಿ."

ಹಾರೆಗಾಗಿ ಇಬ್ಬರೂ ಜಗ್ಗಾಡಿದರು. ಮಹಾಲಿಂಗಯ್ಯ ಅವಳ ಎದೆಗೆ ಒದ್ದ. ಅವಳು ಬಿದ್ದವಳು ಹಾರೆ ಬಿಡಲಿಲ್ಲ. ಬಿದ್ದಲ್ಲಿಂದಲೇ ಗೋಡೆಯಾಚೆಯವರಿಗೆ ಕೇಳುವಂತೆ ಕೂಗಿದಳು: "ಮುಂದಿನ ಮೂರು ಮೆದೆ ಎಳ್ದಾಕ್ರೋ! ನೆಲ ಕೆರೆದು ಬೋಳು ಮಾಡ್ರೋ! ತೆಂಕಕ್ಕೆ ಎಳೀಬ್ಯಾಡಿ, ನೆಲದ ಗಾಳಿ ಅತ್ಲಾಗೆ ವಾಲ್ತೈತೆ, ಬಡಗಕ್ಕೆ ಎಳೀರಿ!"

ಗಂಡಸರು ಕವೆಗೋಲು ಹಿಡಿದು ಸಿವುಡು ಎಳೆದರು. ಹೆಂಗಸರು ಸಲಿಕೆ, ಮೊರ, ಬರಿಗೈಯಿಂದ ನೆಲದ ಹುಲ್ಲು ಬಾಚಿದರು. ಇತ್ತ ಗೋಡೆಯ ಹಿಂದಿನ ಕೂಗು ಮಾತಾಗಿ, ಮಾತು ಅಳುವಾಗಿ, ಅಳು ಬರೀ ಉಸಿರಿನ ಸದ್ದಾಯಿತು. "ಅಣ್ಣಯ್ಯ, ಅಣ್ಣಯ್ಯ" ಎನ್ನುತ್ತಿತ್ತು. ಮಹಾಲಿಂಗಯ್ಯ ಹಾರೆ ಬಿಟ್ಟು ಅವಳ ಕಾಲಿಗೆ ಬಿದ್ದ. ಅವಳು ಅವನನ್ನು ನೋಡಲಿಲ್ಲ. ಗೋಡೆಯಾಚೆಯಿಂದ "ಆಯ್ತಕ್ಕಾ!" ಎಂದು ಯಾರೋ ಕೂಗಿದರು.

"ಈಗ," ಎಂದಳು.

ಮಹಾಲಿಂಗಯ್ಯ ತನ್ನ ಗೋಡೆಯನ್ನು ತಾನೇ ಒಡೆದ. ಅವಳು ಕೈಯಿಂದ ಕಲ್ಲು ಕಿತ್ತಳು. ಒಳಗಿನ ಕಲ್ಲುಗಳು ಕಾದು ಕೆಂಡವಾಗಿದ್ದವು. ಅವಳ ಎರಡೂ ಅಂಗೈಯ ಚರ್ಮ ಅವುಗಳಿಗೇ ಅಂಟಿಕೊಂಡು ಬಂತು. ಕೊನೆಯ ಕಲ್ಲು ಆಚೆಗೆ ಬಿದ್ದದ್ದೇ ತಡ, ಮೂರು ಮಾಗಿ ಗೋಡೆಯ ಮುಂದೆ ನಿಂತಿದ್ದ ಗಾಳಿ ಆ ತೂತಿನಲ್ಲಿ ಶಂಖ ಊದಿದ ಹಾಗೆ ಸದ್ದು ಮಾಡಿ ನುಗ್ಗಿತು. ಗೋಡೆಗೆ ವಾಲಿದ್ದ ಉರಿ ಹಿಂದಕ್ಕೆ ಎದ್ದು, ಬಗ್ಗಿ, ಪಡುವಲಿಗೆ ನೆಲಕ್ಕೆ ನೆಲವಾಗಿ ಮಲಗಿತು. ಕೊಲ್ಲಾಪುರಮ್ಮ ತಲೆ, ತೋಳು ತೂತಿನೊಳಗೆ ತೂರಿಸಿ, ಕೈಗೆ ಸಿಕ್ಕಿದ ಕೂದಲೋ ಬಟ್ಟೆಯೋ ಹಿಡಿದು ಎಳೆದಳು. ಮಹಾಲಿಂಗಯ್ಯ ಅವಳ ಸೊಂಟ ಹಿಡಿದು ಎಳೆದ. ಅಡವಯ್ಯ ಹೊರಬಂದ.

ಅವನ ಪಂಚೆ ಮೈಗೆ ಅಂಟಿ ಹೋಗಿತ್ತು. ಮೊಣಕಾಲಿನಿಂದ ಕೆಳಗೆ ಕಾಲು ಕಾಲಿನಂತಿರಲಿಲ್ಲ. ಒಂದೇ ಕಣ್ಣು ತೆರೆದು ಅವಳನ್ನು ನೋಡಿ, ಗುರುತು ಹಿಡಿದು, ಮತ್ತೆ ಮುಚ್ಚಿಕೊಂಡ.

ಉರಿ ಬೋಳು ನೆಲದವರೆಗೆ ಬಂದು, ಹುಲ್ಲು ಸಿಗದೆ, ಅಲ್ಲೇ ಕುಗ್ಗಿತು. ಅವಳ ಮೆದೆಯೊಂದು ಬೂದಿಯಾಯಿತು, ಉಳಿದ ಹದಿಮೂರು ಉಳಿದವು. ಆ ವರ್ಷ ಅವಳ ಮನೆಗೆ ಹದಿಮೂರು ಮನೆಯಿಂದಲೂ ರಾಗಿ ಬಂತು. ನರಸಮ್ಮ ಮಾತ್ರ ಸೊಸೆಯೊಡನೆ ಮಾತು ಬಿಟ್ಟಳು. "ನನ್ನ ಮಗನ್ನ ಕೊಂದೋನ್ನ ಎಳ್ಕಂಡು ಬಂದ್ಬುಟ್ಟೆ," ಎಂದದ್ದೇ ಅವಳ ಕೊನೆಯ ಮಾತು. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಒಂದೇ ಸೂರಿನಡಿಯಲ್ಲಿ, ಬೇರೆ ಒಲೆ ಹೂಡಿ ಬೇಯಿಸಿಕೊಂಡಳು.

ಬೆಂಕಿಯ ಬಗ್ಗೆ ಪೊಲೀಸಿಗೆ ದೂರು ಕೊಡಲು ಕೊಲ್ಲಾಪುರಮ್ಮ ಒಪ್ಪಲಿಲ್ಲ. ಆ ಮೈ ನೋಡಿದ ಮೇಲೆ ಅವನಿಗೆ ಇನ್ನೇನು ಸಜೆ ಕೊಡಿಸುವುದು ಎಂದಳಂತೆ. ಮಹಾಲಿಂಗಯ್ಯ ಮೇಲಿನ ಕೋರ್ಟಿಗೆ ಹೋಗಲಿಲ್ಲ, ಗೋಡೆಯನ್ನು ಕಟ್ಟಲೂ ಇಲ್ಲ, ಕೆಡವಲೂ ಇಲ್ಲ. ಜನ ಒಂದೊಂದಾಗಿ ಕಲ್ಲು ಹೊತ್ತು ತಮ್ಮ ಮನೆಯ ಬುನಾದಿಗೆ ಹಾಕಿಕೊಂಡರು.

ಅಂಗೈ ಮಾಗಿದ ಮೇಲೆ ಅವಳ ಬೆರಳುಗಳು ಪೂರ್ತಿ ಚಾಚಲು ಬರುತ್ತಿರಲಿಲ್ಲ. ಮೊರ ಹಿಡಿಯಲು ಅಷ್ಟು ಸಾಕಿತ್ತು. ಅಟ್ಟಣೆ ಹತ್ತಿದಳು. ಹೆಂಗಸು ಹತ್ತಬಾರದೆಂದು ಯಾರೂ ಅನ್ನಲಿಲ್ಲ. ಸಿರಾ, ಪಾವಗಡದ ಕಡೆಯಿಂದಲೂ ಹೊಸ ಕಣಕ್ಕೆ ಜಾಗ ನೋಡಲು ಅವಳನ್ನು ಗಾಡಿ ಕಳಿಸಿ ಕರೆಸುತ್ತಿದ್ದರು. "ಗಾಲಮ್ಮ" ಎನ್ನುತ್ತಿದ್ದರು, ಗಾಳಿಗೆ 'ಗಾಲಿ' ಎನ್ನುವ ಪಾವಗಡದ ತೆಲುಗು ಮಾತಿನವರು.

ಅಡವಯ್ಯ ಸಾಯಲಿಲ್ಲ. ಕಾಲು ಸೆಟೆದುಹೋಗಿ, ಕೈಯೂರಿ ತೆವಳಿಕೊಂಡು ಇದ್ದ. ಅವರಿಬ್ಬರ ನಡುವೆ ಹದಿನೈದು ವರ್ಷ ಒಂದು ಮಾತೂ ನಡೆಯಲಿಲ್ಲ. ನಲವತ್ತೊಂದರ ಮಾಗಿಯಲ್ಲಿ ಒಂದು ಬೆಳಗ್ಗೆ, ಅವಳು ಕಣದಲ್ಲಿ ಗಾಳಿ ಇಳಿಯುವುದನ್ನು ಕಾಯುತ್ತ ಒಬ್ಬಳೇ ಕುಳಿತಿದ್ದಾಗ, ಅವನು ತೆವಳಿಕೊಂಡು ಬಂದು ಎದುರಿಗೆ ಕುಳಿತ.

"ಅವತ್ತು ತಡೀರಿ ಅಂದೆ," ಎಂದ. "ನಂಗೆ ಒಳಗಡೆ ಕೇಳಿಸ್ತು. ರಾಗಿಗೆ ಅಂದಿದ್ದಾ, ನಿನ್ನ ಗಂಡನ್ನ ನೆನೆಸ್ಕಂಡು ಅಂದಿದ್ದಾ?"

ಕೊಲ್ಲಾಪುರಮ್ಮ ಒಂದು ಚಿಟಿಕೆ ಹೊಟ್ಟು ಎತ್ತಿ ಬಿಟ್ಟಳು; ಅದು ನೆಟ್ಟಗೆ ಕೆಳಗೆ ಬಿತ್ತು.

"ಮೊದ್ಲು ರಾಗಿಗೇ ಅಂದೆ," ಎಂದಳು. "ಆಮ್ಯಾಕೆ ಅತ್ಲಾಗಿಂದ 'ಆಯ್ತಕ್ಕಾ' ಅಂತ ಎರಡು ಸಲ ಕೂಗಿದ್ರು. ಮೊದಲನೇದು ನಂಗೆ ಕೇಳಿಸಿತ್ತು ಕಣಪ್ಪ. ಕೇಳಿಸಿದ್ರೂ ಸುಮ್ಕಿದ್ದೆ."

ಅಡವಯ್ಯ ತಲೆಯಾಡಿಸಿದ. "ಎಷ್ಟೊತ್ತು?"

"ನಿನ್ನ ದೊಣ್ಣೆ ಎರಡು ಸಲ ಬಿತ್ತಲ್ಲ, ಅಷ್ಟೊತ್ತು."

ಬಿಸಿಲು ಏರಿತು. ನೆಲದ ಧೂಳು ಮೆಲ್ಲನೆ ಅಲುಗಾಡಿತು. ಅವಳು ಎದ್ದು, ಸೀರೆಯ ನೆರಿಗೆ ಬಿಗಿದು ಸಿಕ್ಕಿಸಿಕೊಂಡು, ಅಟ್ಟಣೆ ಹತ್ತಿ ನಿಂತಳು. ಮೊರ ತುಂಬಿ ಕೊಡಲು ಇನ್ನೂ ಯಾರೂ ಬಂದಿರಲಿಲ್ಲ. ಅಡವಯ್ಯ ಕೈಯೂರಿ ರಾಶಿಯವರೆಗೆ ತೆವಳಿ, ಒಂದು ಮೊರ ತುಂಬಿ, ತಲೆಯ ಮೇಲಕ್ಕೆ ಎತ್ತಿ ಹಿಡಿದ. ಅವಳು ಬಗ್ಗಿ ಅದನ್ನು ತೆಗೆದುಕೊಂಡಳು.